ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಸ್ಕಾಲರ್‌ಶಿಪ್ ಪರೀಕ್ಷೆಗೆ ಕೂರುವ ಪುಟ್ಟ ಮಕ್ಕಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಪ್ರಾಥಮಿಕ ಶಾಲೆಯ ಮಕ್ಕಳ ಸ್ಪರ್ಧಾ ಪರೀಕ್ಷೆಯನ್ನು ಕುರಿತವು. ಮುಂಬಯಿ, ಪುಣೆಯವರು ಮಹಾರಾಷ್ಟ್ರದ ಸ್ಕಾಲರ್‌ಶಿಪ್ ಬಗ್ಗೆ ಕೇಳಿದ್ದಾರೆ, ಗೋವೆಯವರು ನವೋದಯ ವಸತಿಶಾಲೆಯ ಪ್ರವೇಶ ಪರೀಕ್ಷೆಯ ಬಗ್ಗೆ. ಬಹಳ ವರ್ಷಗಳಿಂದ ಈ ಮಕ್ಕಳಿಗೆ ಪಾಠ ಹೇಳುತ್ತಿರುವ ಶಿಕ್ಷಕರ ಬಳಗ ಉತ್ತರಿಸಿದೆ.

ಮಗಳು ಇಂಗ್ಲಿಷ್ ಮಾಧ್ಯಮದಲ್ಲಿ ಮೂರನೆಯ ಇಯತ್ತೆ (ತರಗತಿ). ಸ್ಕಾಲರ್‌ಶಿಪ್ ಪರೀಕ್ಷೆ ನಾಲ್ಕನೆಯದಕ್ಕೋ ಐದನೆಯದಕ್ಕೋ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. 40 ಪರ್ಸೆಂಟ್ ಬಂದರೆ ಹಣ ಸಿಗುತ್ತದೆ ಅನ್ನುವುದು ನಿಜವೇ?
ಒಬ್ಬ ತಾಯಿ, ಡೊಂಬಿವಲಿ

ಗೊಂದಲಕ್ಕೆ ಕಾರಣವಿದೆ. ಪುಣೆಯ ಮಹಾರಾಷ್ಟ್ರ ರಾಜ್ಯ ಪರೀಕ್ಷಾ ಪರಿಷತ್ತು ನಡೆಸುವ ಈ ಪರೀಕ್ಷೆ ಬಹುಕಾಲ 4 ಮತ್ತು 7ನೆಯ ಇಯತ್ತೆಯವರಿಗೇ ಇತ್ತು. 2016-17ರಿಂದ 5 ಮತ್ತು 8ಕ್ಕೆ ಹೋಯಿತು. 2025ರಲ್ಲಿ ಸರ್ಕಾರ ಅದನ್ನು ಮತ್ತೆ 4 ಮತ್ತು 7ಕ್ಕೆ ತಂದಿತು. 2025-26ನೆಯ ಸಾಲಿನಲ್ಲಿ ಮಾತ್ರ 5, 8ರವರಿಗೂ 4, 7ರವರಿಗೂ ಅವಕಾಶ, ಆಮೇಲೆ 4 ಮತ್ತು 7 ಮಾತ್ರ. ಅಣ್ಣ ಐದರಲ್ಲಿ ಬರೆದಿದ್ದರೂ ತಂಗಿ ನಾಲ್ಕರಲ್ಲೇ ಬರೆಯಬೇಕು. ಅಣ್ಣನ ಹಳೆಯ ಗೈಡನ್ನು ಅವಳಿಗೆ ದಾಟಿಸಬೇಡಿ. ಅದರ ಗಣಿತ ಒಂದು ವರ್ಷ ಮುಂದಿನದು. ಪಾಠವೇ ಆಗದ ಲೆಕ್ಕದ ಮುಂದೆ ಕುಳಿತ ಮಗು ತನಗೆ ಗಣಿತ ಬರುವುದಿಲ್ಲ ಎಂದೇ ನಂಬಿಬಿಡುತ್ತದೆ.

ಪರೀಕ್ಷೆಗೆ ಎರಡು ಪೇಪರ್. ಮೊದಲನೆಯದರಲ್ಲಿ ಪ್ರಥಮ ಭಾಷೆಯ 25 ಪ್ರಶ್ನೆ, ಗಣಿತದ 50. ಎರಡನೆಯದರಲ್ಲಿ ತೃತೀಯ ಭಾಷೆಯ 25, ಬುದ್ಧಿಮತ್ತೆಯ (ಆಕೃತಿ, ದಿಕ್ಕು, ಸಂಖ್ಯಾ ಶ್ರೇಣಿಯಂಥ ತರ್ಕದ ಪ್ರಶ್ನೆ) 50. ಪ್ರತಿ ಪ್ರಶ್ನೆಗೆ 2 ಅಂಕ, ಪ್ರತಿ ಪೇಪರಿಗೆ 150 ಅಂಕ, 90 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಇದನ್ನು ಕೂಡಿಸಿ ನೋಡಿ: 300ರಲ್ಲಿ 100 ಅಂಕ ಬುದ್ಧಿಮತ್ತೆಯದು. ಅದು ಶಾಲೆಯ ವೇಳಾಪಟ್ಟಿಯಲ್ಲಿ ಇಲ್ಲದ ವಿಷಯ. ಮನೆಯವರು ಇಡೀ ವರ್ಷ ಗಣಿತವನ್ನೇ ಉಜ್ಜಿ, ಬುದ್ಧಿಮತ್ತೆಯನ್ನು ಡಿಸೆಂಬರಿನಲ್ಲಿ ಶುರು ಮಾಡಿ ಸೋಲುವುದು ತೀರಾ ಸಾಮಾನ್ಯ.

ಇನ್ನು 40 ಪರ್ಸೆಂಟಿನ ಮಾತು. ಅದು ಎರಡು ಪೇಪರಿನಲ್ಲಿ ಬೇರೆಬೇರೆಯಾಗಿ ಬೇಕು, ಅಂದರೆ ಒಂದೊಂದರಲ್ಲೂ ಕನಿಷ್ಠ 60 ಅಂಕ, 30 ಸರಿ ಉತ್ತರ. ಮೊದಲನೆಯದರಲ್ಲಿ 118 ಬಂದು ಎರಡನೆಯದರಲ್ಲಿ 56 ಆದರೆ ಮಗು ಅನರ್ಹ. ಎರಡರಲ್ಲೂ 60 ದಾಟಿದರೆ ‘ಪಾತ್ರ’, ಅಂದರೆ ಅರ್ಹ, ಅಷ್ಟೇ. ಹಣ ಸಿಗುವುದು ಗುಣವತ್ತಾ ಯಾದಿಯಲ್ಲಿ, ಅಂದರೆ ಮೆರಿಟ್ ಪಟ್ಟಿಯಲ್ಲಿ, ಹೆಸರು ಬಂದ ‘ಶಿಷ್ಯವೃತ್ತಿಧಾರಕ’ರಿಗೆ ಮಾತ್ರ. ಆ ಯಾದಿ ಜಿಲ್ಲೆ, ಗ್ರಾಮೀಣ, ನಗರ ಎಂದೆಲ್ಲ ಬೇರೆಬೇರೆಯಾಗಿರುವುದರಿಂದ ಎಷ್ಟು ಅಂಕಕ್ಕೆ ಸಿಗುತ್ತದೆಂದು ಮೊದಲೇ ಹೇಳಲಾಗದು. ಮಗುವಿಗೆ ಇಷ್ಟೇ ಅಂಕ ತರಬೇಕೆಂದು ಗುರಿ ಕಟ್ಟಬೇಡಿ ಎನ್ನುವುದಕ್ಕೆ ಇದೂ ಒಂದು ಕಾರಣ.

ಮನೆಯಲ್ಲಿ ಕನ್ನಡ, ತುಳು; ಶಾಲೆಯಲ್ಲಿ ಇಂಗ್ಲಿಷ್; ಬಿಲ್ಡಿಂಗಿನಲ್ಲಿ ಹಿಂದಿ. ಮಗ ಬೇರೆಲ್ಲದರಲ್ಲೂ ಹುಷಾರು, ಆದರೆ ತೃತೀಯ ಭಾಷೆ ಮರಾಠಿಯಲ್ಲಿ 25ಕ್ಕೆ 9 ದಾಟುತ್ತಿಲ್ಲ. ಏನು ಮಾಡಲಿ?
ತಾಯಿ, ಭಾಂಡುಪ್

ಈ ಭಾಗದ ಕನ್ನಡಿಗರ ಮಕ್ಕಳು ಅಂಕ ಬಿಡುವ ಮುಖ್ಯ ಜಾಗವೇ ಇದು. ಆದರೆ ಬೇಗ ಸರಿಪಡಿಸಬಹುದಾದ ಜಾಗವೂ ಹೌದು, ಯಾಕೆಂದರೆ ತಪ್ಪುಗಳು ನಾಲ್ಕೈದು ಕಡೆಯಲ್ಲೇ ಗುಂಪಾಗಿ ಬೀಳುತ್ತವೆ.

ಮೊದಲನೆಯದು ಲಿಂಗ. ಕನ್ನಡದಲ್ಲಿ ಕಲ್ಲು, ಕಿಟಕಿ, ಮರ ಎಲ್ಲವೂ ‘ಅದು’. ಮರಾಠಿಯಲ್ಲಿ ದಗಡ ‘ತೋ’, ಖಿಡಕೀ ‘ತೀ’, ಝಾಡ ‘ತೇ’. ಇದಕ್ಕೆ ಮಗುವಿನ ಕಿವಿಯಲ್ಲಿ ಆಧಾರವಿಲ್ಲ. ಮೇಲಾಗಿ ಹಿಂದಿಯ ಅಭ್ಯಾಸ ದಾರಿ ತಪ್ಪಿಸುತ್ತದೆ: ಹಿಂದಿಯಲ್ಲಿ ‘ಮೇರಾ ಘರ್’ ಪುಲ್ಲಿಂಗ, ಮರಾಠಿಯಲ್ಲಿ ‘ಮಾಝೇ ಘರ’ ನಪುಂಸಕಲಿಂಗ. ಲಿಂಗದ ಪಟ್ಟಿಯನ್ನು ಬಾಯಿಪಾಠ ಮಾಡಿಸಿದರೆ ನಿಲ್ಲುವುದಿಲ್ಲ. ಹೊಸ ಶಬ್ದವನ್ನು ಒಂಟಿಯಾಗಿ ಕಲಿಸದೆ ವಿಶೇಷಣದ ಜೊತೆಗೇ ಹೇಳಿಸಿ: ತೋ ಮೋಠಾ ದಗಡ, ತೀ ಮೋಠೀ ಖಿಡಕೀ, ತೇ ಮೋಠೇ ಝಾಡ. ಒಂದು ನೋಟ್‌ಬುಕ್ಕಿನಲ್ಲಿ ತೋ, ತೀ, ತೇ ಎಂದು ಮೂರು ಸಾಲು ಹಾಕಿ ದಿನಕ್ಕೆ ಎಂಟು ಶಬ್ದ ಬರೆಸಿ. ಮನೆಯ ವಸ್ತುಗಳಿಂದಲೇ ಶುರುವಾಗಲಿ.

ಲಿಂಗ ತಿಳಿದರೆ ಬಹುವಚನ ಅದರ ಹಿಂದೆಯೇ ಬರುತ್ತದೆ. ಆಂಬಾ ಆಂಬೇ ಆಗುತ್ತದೆ, ಝಾಡ ಝಾಡೇ, ವಹೀ ವಹ್ಯಾ, ನದೀ ನದ್ಯಾ. ದಗಡ ಮಾತ್ರ ದಗಡವಾಗಿಯೇ ಉಳಿಯುತ್ತದೆ, ಮಕ್ಕಳು ಸುಮ್ಮನೆ ‘ದಗಡೇ’ ಮಾಡಿ ಅಂಕ ಕಳೆಯುತ್ತಾರೆ. ಹೀಗೆ ಬದಲಾಗದೆ ಉಳಿಯುವ ಪುಲ್ಲಿಂಗ ಶಬ್ದಗಳಿಗೆ ಬೇರೆಯೇ ಒಂದು ಪುಟ ಇರಲಿ.

ಎರಡನೆಯದು ಸಂಖ್ಯೆ ಮತ್ತು ಹೊತ್ತು. ನಾವು ‘ನಲವತ್ತೈದು’ ಎಂದು ಹತ್ತರಿಂದ ಶುರು ಮಾಡುತ್ತೇವೆ, ಮರಾಠಿಯ ‘ಪಂಚೇಚಾಳೀಸ’ ಬಿಡಿಯಿಂದ ಶುರುವಾಗುತ್ತದೆ. ‘ಏಕೋಣಸಾಠ’ ಎಂದರೆ 59, ಆದರೆ ‘ಸಾಠ’ ಕೇಳಿದ ಮಗು 61 ಎಂದು ಬರೆಯುತ್ತದೆ. ಪಾವಣೇತೀನ ಅಂದರೆ 2:45. ನಾವು ‘ಎರಡೂಮುಕ್ಕಾಲು’ ಎಂದು ಹಿಂದಿನ ಗಂಟೆಯಿಂದ ಎಣಿಸುತ್ತೇವೆ, ಅವರು ಮುಂದಿನ ಗಂಟೆಯಿಂದ ಕಾಲು ಕಳೆಯುತ್ತಾರೆ. ಸವ್ವಾತೀನ 3:15, ದೀಡ ಒಂದೂವರೆ, ಅಡೀಚ ಎರಡೂವರೆ. ಮನೆಯ ಗಡಿಯಾರವನ್ನು ನೋಡುವಾಗಲೆಲ್ಲ ಒಮ್ಮೆ ಮರಾಠಿಯಲ್ಲಿ ಹೇಳಿಸಿದರೆ ಒಂದೇ ತಿಂಗಳಲ್ಲಿ ಕೂರುತ್ತದೆ.

ಮೂರನೆಯದು ಉತಾರಾ, ಅಂದರೆ ಕೊಟ್ಟ ಗದ್ಯಭಾಗ ಓದಿ ಉತ್ತರಿಸುವುದು. ಉತ್ತರ ಅಲ್ಲೇ ಇರುತ್ತದೆ. ಇಲ್ಲಿ ಸೋಲುವುದಕ್ಕೆ ಕಾರಣ ನಿಧಾನವಾದ ದೇವನಾಗರಿ ಓದು. ದಿನಕ್ಕೆ ಹತ್ತು ಸಾಲು ಗಟ್ಟಿಯಾಗಿ ಓದಿಸಿ. ಅರ್ಥ ಕೇಳಬೇಡಿ, ತಡವರಿಸದೆ ಓದಿದರೆ ಸಾಕು. ಓದಿನ ವೇಗ ಬಂದಮೇಲೆ ಅರ್ಥ ಅರ್ಧ ತಾನಾಗಿಯೇ ಬರುತ್ತದೆ. ಪರೀಕ್ಷೆಯಲ್ಲಿ ಮೊದಲು ಪ್ರಶ್ನೆ ಓದಿ, ಆಮೇಲೆ ಉತಾರಾ ಓದುವ ಕ್ರಮ ರೂಢಿಯಾಗಲಿ.

ಮ್ಹಣಿ (ಗಾದೆ), ವಾಕ್ಪ್ರಚಾರ (ನುಡಿಗಟ್ಟು)ಗಳನ್ನು ಕೊನೆಗೆ ಇಟ್ಟುಕೊಳ್ಳಿ. ಅವು ನೂರಾರು ಇವೆ, ಬರುವುದು ಒಂದೆರಡು. ಕನ್ನಡ ಮಾಧ್ಯಮದ ಮಕ್ಕಳಿಗೆ ಪ್ರಥಮ ಭಾಷೆ ಕನ್ನಡ, ತೃತೀಯ ಭಾಷೆ ಇಂಗ್ಲಿಷ್ ಆಗುವುದರಿಂದ ಅವರಿಗೆ ಈ ತೊಡಕಿಲ್ಲ. ಅವರು ಇಂಗ್ಲಿಷ್ ಕಾಗುಣಿತಕ್ಕೆ ಇಷ್ಟೇ ಹೊತ್ತು ಕೊಡಬೇಕು.

ನಾನು ಹೋಟೆಲ್ ಕೆಲಸದವನು, ಮನೆ ಸೇರುವಾಗ ರಾತ್ರಿ ಹನ್ನೊಂದೂವರೆ. ಹೆಂಡತಿ ಊರಿನಲ್ಲಿ ಏಳನೆಯವರೆಗೆ ಕನ್ನಡದಲ್ಲಿ ಓದಿದವಳು. ಕ್ಲಾಸಿಗೆ ಹಾಕಲು ಕೈಯಲ್ಲಿ ಹಣವಿಲ್ಲ. ನಾವು ಏನಾದರೂ ಮಾಡಲು ಸಾಧ್ಯವೇ?
ತಂದೆ, ಠಾಣೆ

ಸಾಧ್ಯ, ಅದೂ ನಿಮ್ಮ ಮನೆಯವರಿಂದಲೇ. ಈ ಪರೀಕ್ಷೆಗೆ ತಾಯಿ ಪಾಠ ಹೇಳಬೇಕಾಗಿಲ್ಲ. ಮಗು ಎಲ್ಲಿ ಎಡವುತ್ತಿದೆ ಎಂದು ಕಂಡುಹಿಡಿದರೆ ಸಾಕು. ಅದಕ್ಕೆ ಬೇಕಾಗುವುದು ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆ, ಉತ್ತರಸೂಚಿ, ಒಂದು ನೋಟ್‌ಬುಕ್. ಪತ್ರಿಕೆ, ಉತ್ತರಸೂಚಿ ಎರಡೂ ಪರೀಕ್ಷಾ ಪರಿಷತ್ತಿನ ಜಾಲತಾಣದಲ್ಲಿ ಹಣವಿಲ್ಲದೆ ಸಿಗುತ್ತವೆ. ಐದನೆಯದರ ಹಳೆಯ ಪತ್ರಿಕೆಯಾದರೆ, ನಾಲ್ಕರ ಪಾಠದಲ್ಲಿ ಇಲ್ಲದ ಲೆಕ್ಕಗಳಿಗೆ ಗುರುತು ಹಾಕಿಕೊಡಲು ಶಾಲೆಯ ಶಿಕ್ಷಕರನ್ನು ಕೇಳಿ, ಅವನ್ನು ಬಿಟ್ಟು ಮಾಡಿಸಿ.

ಪ್ರತಿ ತಪ್ಪಿನ ಮುಂದೆ ನಾಲ್ಕರಲ್ಲಿ ಒಂದು ಗುರುತು ಹಾಕಬೇಕು. ವಿಷಯವೇ ಗೊತ್ತಿಲ್ಲದಿದ್ದರೆ ‘ಗೊ’. ಪ್ರಶ್ನೆ ಓದುವಾಗ ತಪ್ಪಿದ್ದರೆ ‘ಓ’. ದಾರಿ ಸರಿಯಿದ್ದು ಕೂಡಿಸುವಾಗ ಕಳೆಯುವಾಗ ತಪ್ಪಿದ್ದರೆ ‘ಲೆ’. ಉತ್ತರ ಗೊತ್ತಿದ್ದೂ ಉತ್ತರಹಾಳೆಯಲ್ಲಿ ಬೇರೆ ಪರ್ಯಾಯದ ವೃತ್ತ ತುಂಬಿದ್ದರೆ ‘ವೃ’. ಯಾವುದೆಂದು ತಿಳಿಯಲು ತಾಯಿಗೆ ಉತ್ತರ ಬರಬೇಕಾಗಿಲ್ಲ. ‘ಇಲ್ಲಿ ಏನು ಕೇಳಿದ್ದಾರೆ? ಏನು ಕೊಟ್ಟಿದ್ದಾರೆ? ನೀನು ಏನು ಮಾಡಿದೆ?’ ಎಂದು ಕೇಳಿ, ಮಗು ಕನ್ನಡದಲ್ಲಿ ವಿವರಿಸಲಿ. ವಿವರಿಸುವಾಗಲೇ ‘ಅಯ್ಯೋ’ ಎಂದರೆ ಅದು ಓ ಅಥವಾ ಲೆ. ಬಾಯಿ ಕಟ್ಟಿದರೆ ಗೊ.

ವಾರಕ್ಕೊಮ್ಮೆ ಎಣಿಸಿ. ಗೊ ಹೆಚ್ಚಿದ್ದರೆ ಶಾಲೆಯ ಶಿಕ್ಷಕರ ಬಳಿ ಆ ಪಾಠವನ್ನು ಮತ್ತೆ ಹೇಳಿಸಿಕೊಳ್ಳಬೇಕು, ಇನ್ನಷ್ಟು ಪತ್ರಿಕೆ ಬಿಡಿಸಿದರೆ ಪ್ರಯೋಜನವಿಲ್ಲ. ಓ ಹೆಚ್ಚಿದ್ದರೆ ‘ಅಲ್ಲ’, ‘ಎಲ್ಲಕ್ಕಿಂತ ಚಿಕ್ಕ’, ‘ಉಳಿದದ್ದು’ ಎಂಬಂಥ ಶಬ್ದಗಳ ಕೆಳಗೆ ಗೆರೆ ಎಳೆಯುವ ಅಭ್ಯಾಸ ಬೇಕು. ಲೆ ಹೆಚ್ಚಿದ್ದರೆ ಮಗ್ಗಿ ಮತ್ತು ಏಕಮಾನ ಗಟ್ಟಿಯಾಗಬೇಕು. ಉದಾಹರಣೆಗೆ, 10:40ಕ್ಕೆ ಹೊರಟ ರೈಲು 3 ಗಂಟೆ 35 ನಿಮಿಷ ಓಡಿದರೆ ತಲುಪುವುದು ಎಷ್ಟಕ್ಕೆ? ಮಗು 13:75 ಎಂದು ಬರೆದು ನಿಲ್ಲುತ್ತದೆ, ಅಥವಾ 75ನ್ನು 100ಕ್ಕೆ ಹೋಲಿಸಿ ‘ಇನ್ನೂ ಗಂಟೆ ಆಗಿಲ್ಲ’ ಎನ್ನುತ್ತದೆ. 75ರಲ್ಲಿ 60 ತೆಗೆದರೆ ಒಂದು ಗಂಟೆ 15 ನಿಮಿಷ, ಹಾಗಾಗಿ ಮಧ್ಯಾಹ್ನ 2:15. ಹಣ, ತೂಕ, ಉದ್ದ ಎಲ್ಲ ನೂರು, ಸಾವಿರದ ಲೆಕ್ಕ; ಹೊತ್ತು ಮಾತ್ರ ಅರವತ್ತರದು. ಇದನ್ನು ಗಡಿಯಾರದ ಮುಳ್ಳು ತಿರುಗಿಸಿಯೇ ತೋರಿಸಬೇಕು.

ದಿನಕ್ಕೆ ನಲವತ್ತು ನಿಮಿಷ ಸಾಕು: ಇಪ್ಪತ್ತು, ಹತ್ತು ನಿಮಿಷ ಬಿಡುವು, ಮತ್ತೆ ಇಪ್ಪತ್ತು. ವಾರದಲ್ಲಿ ಮೂರು ದಿನ ಗಣಿತ, ಎರಡು ದಿನ ಬುದ್ಧಿಮತ್ತೆ, ಒಂದು ದಿನ ಭಾಷೆ. ನಿಮ್ಮ ವಾರದ ರಜೆ ಯಾವತ್ತೋ ಅಂದು ನೋಟ್‌ಬುಕ್ ತೆಗೆದು ಮಗನ ಜೊತೆ ಅರ್ಧ ಗಂಟೆ ಕುಳಿತುಕೊಳ್ಳಿ. ರಾತ್ರಿ ಬಂದು ಎಬ್ಬಿಸಿ ಮಾತ್ರ ಕೇಳಬೇಡಿ.

ಶಾಲೆಯಲ್ಲಿ ಗಣಿತಕ್ಕೆ 90ಕ್ಕೆ ಕಡಿಮೆ ಇಲ್ಲ. ಮಾಕ್ ಟೆಸ್ಟಿನಲ್ಲಿ 50 ಪ್ರಶ್ನೆಗೆ 26 ಸರಿ, 11 ಬಿಟ್ಟೇ ಬಂದಿದ್ದಾನೆ. ಕ್ಲಾಸಿನವರು ‘ಸ್ಪೀಡ್ ಇಲ್ಲ’ ಎನ್ನುತ್ತಾರೆ.
ತಂದೆ, ಪಿಂಪ್ರಿ-ಚಿಂಚ್‌ವಡ

ನಿಮ್ಮ ಮಗನ ಕೈ ನಿಧಾನವೇನಲ್ಲ. ಶಾಲೆಯಲ್ಲಿ ಹಂತ ಹಂತಕ್ಕೆ ಅಂಕ, ಅಚ್ಚುಕಟ್ಟಿಗೆ ಅಂಕ. ಇಲ್ಲಿ 75 ಪ್ರಶ್ನೆಗೆ 90 ನಿಮಿಷ, ಅಂದರೆ ಒಂದಕ್ಕೆ 72 ಸೆಕೆಂಡ್. ಅವನು ಶಾಲೆಯ ಉತ್ತರವನ್ನೇ ಇಲ್ಲೂ ಬರೆಯುತ್ತಿದ್ದಾನೆ.

ಮೊದಲು ಅವನಿಗೆ ಪ್ರಶ್ನೆಯ ಜೊತೆ ಕೊಟ್ಟ ಪರ್ಯಾಯ ಉತ್ತರಗಳನ್ನು ನೋಡಲು ಕಲಿಸಿ. 47 × 36ಕ್ಕೆ 1690, 1682, 1692, 1694 ಎಂದು ಕೊಟ್ಟಿದ್ದರೆ 7 × 6 = 42, ಕೊನೆಯ ಅಂಕಿ 2; ಎರಡು ಪರ್ಯಾಯ ಅಲ್ಲೇ ಹೋದವು. 50 × 36 = 1800, ಅದರಲ್ಲಿ ಮೂರು 36, ಅಂದರೆ 108 ಕಳೆದರೆ 1692. 398 × 25 ಬಂದರೆ 400 × 25 ಮಾಡಿ 50 ಕಳೆಯಬೇಕು, 9950. ಆದರೆ ಪೂರ್ತಿ ಗುಣಾಕಾರ ತಪ್ಪಿಲ್ಲದೆ ಬರುವ ಮಗುವಿಗೆ ಮಾತ್ರ ಈ ಅಡ್ಡದಾರಿ. ಅದು ಬಾರದ ಮಗುವಿಗೆ ಇದನ್ನು ಕೊಟ್ಟರೆ ಎರಡೂ ಕೆಡುತ್ತವೆ. ಸ್ಪೀಡಿನ ಹೆಸರಲ್ಲಿ ಎಷ್ಟೋ ಕ್ಲಾಸುಗಳು ಮಾಡುವ ಅನ್ಯಾಯ ಇದೇ.

ಆಮೇಲೆ ಸಮಯದ ಹಂಚಿಕೆ. ಮೊದಲ ಪೇಪರಿನಲ್ಲಿ ಭಾಷೆಗೆ 20 ನಿಮಿಷ, ಗಣಿತಕ್ಕೆ 55, ಬಿಟ್ಟದ್ದಕ್ಕೆ ಮರಳಲು 10, ಕೊನೆಯ ತಪಾಸಣೆಗೆ 5. ಪರಿಷತ್ತಿನ ಪತ್ರಿಕೆಯಲ್ಲಿ ಸುಮಾರು ಶೇ. 30 ಸುಲಭ, 40 ಮಧ್ಯಮ, 30 ಕಠಿಣ ಪ್ರಶ್ನೆ, ಅವು ಕಲಸಿ ಬರುತ್ತವೆ. ಎರಡು ಸಲ ಓದಿಯೂ ದಾರಿ ಹೊಳೆಯದಿದ್ದರೆ ಪ್ರಶ್ನೆಪತ್ರಿಕೆಯಲ್ಲಿ ಅದರ ಸಂಖ್ಯೆಗೆ ಸುತ್ತು ಹಾಕಿ ಮುಂದೆ ಹೋಗಲಿ. ಒಳ್ಳೆಯ ಮಕ್ಕಳಿಗೆ ಬಿಟ್ಟು ಹೋಗುವುದೇ ಕಷ್ಟ, ಅದನ್ನು ಮನೆಯಲ್ಲಿ ಅಭ್ಯಾಸ ಮಾಡಿಸಬೇಕು. ಕೊನೆಯ ಐದು ನಿಮಿಷದಲ್ಲಿ ಒಂದೂ ಖಾಲಿ ಉಳಿಯಬಾರದು. ಕಡಿತವಿಲ್ಲದ ಪರೀಕ್ಷೆಯಲ್ಲಿ 11 ಖಾಲಿ ಬಿಡುವುದಕ್ಕೆ ಕಾರಣವೇ ಇಲ್ಲ.

ಉತ್ತರ ಗುರುತು ಹಾಕುವ ಓಎಂಆರ್ ಹಾಳೆಯ ಬಗ್ಗೆ ಬೇರೆಯೇ ಎಚ್ಚರ ಬೇಕು. ಪ್ರಶ್ನೆ 18ನ್ನು ಬಿಟ್ಟ ಮಗು 19ರ ಉತ್ತರವನ್ನು 18ರ ಸಾಲಿನಲ್ಲಿ ತುಂಬುತ್ತದೆ, ಅಲ್ಲಿಂದ ಕೊನೆಯವರೆಗೆ ಎಲ್ಲ ಒಂದು ಸಾಲು ಮೇಲೆ. 26 ಸರಿ ಎಂದಿರಲ್ಲ, ಆ ಹಾಳೆಯನ್ನು ಒಮ್ಮೆ ತೆಗೆದು ನೋಡಿ, ತಪ್ಪುಗಳು ಒಂದೇ ಕಡೆ ಸಾಲಾಗಿ ಇವೆಯೇ ಎಂದು. ಪ್ರತಿ ಐದು ಪ್ರಶ್ನೆಗೊಮ್ಮೆ ಪತ್ರಿಕೆಯ ಸಂಖ್ಯೆಗೂ ಹಾಳೆಯ ಸಂಖ್ಯೆಗೂ ಬೆರಳಿಟ್ಟು ತಾಳೆ ನೋಡುವುದೇ ಮದ್ದು. ಎಲ್ಲ ಬಿಡಿಸಿ ಕೊನೆಗೆ ಒಟ್ಟಿಗೆ ತುಂಬುತ್ತೇನೆ ಎಂದರೆ ಸಮಯ ಸಿಗುವುದಿಲ್ಲ.

ಕಪ್ಪು ಅಥವಾ ನೀಲಿ ಬಾಲ್‌ಪೆನ್ ಮಾತ್ರ. ಜೆಲ್ ಪೆನ್ನಿನ ಶಾಯಿ ಅಂಗೈಗೆ ತಾಗಿ ಹರಡುತ್ತದೆ. ಒಂದು ಪ್ರಶ್ನೆಗೆ ಎರಡು ವೃತ್ತ ತುಂಬಿದರೆ ಅಂಕವಿಲ್ಲ. ಅಳಿಸುವ, ವೈಟ್ನರ್ ಹಚ್ಚುವ ಹಾಗಿಲ್ಲ. ಇಡೀ ವರ್ಷ ಪೆನ್ಸಿಲ್ಲಿನಲ್ಲಿ ಅಭ್ಯಾಸ ಮಾಡಿದ ಮಗುವಿನ ಕೈ ಪರೀಕ್ಷೆಯ ದಿನವೂ ರಬ್ಬರ್ ಹುಡುಕುತ್ತದೆ. ಕೊನೆಯ ಮೂರು ತಿಂಗಳು ಹಾಳೆಯ ಝೆರಾಕ್ಸ್ ತೆಗೆದು ಪೆನ್ನಿನಲ್ಲೇ ತುಂಬಿಸಿ. ಪೂರ್ತಿ ಪೇಪರ್ ವಾರಕ್ಕೆ ಒಂದು, ಕೊನೆಯ ತಿಂಗಳು ಎರಡು. ದಿನಕ್ಕೊಂದು ಬರೆಸಿದರೆ ತಪ್ಪು ತಿದ್ದಲು ಹೊತ್ತೇ ಉಳಿಯುವುದಿಲ್ಲ.

ಬುದ್ಧಿಮತ್ತೆಯ ಪುಸ್ತಕ ನೋಡಿದರೆ ನನಗೇ ತಲೆ ತಿರುಗುತ್ತದೆ. ಕನ್ನಡಿ ಬಿಂಬ, ನೀರಿನ ಬಿಂಬ, ದಿಕ್ಕು... ಮನೆಯಲ್ಲಿ ಹೇಗೆ ಹೇಳಿಕೊಡುವುದು?
ತಾಯಿ, ನೆರೂಳ್

ಪುಸ್ತಕ ಮುಚ್ಚಿಟ್ಟು ವಸ್ತುಗಳಿಂದ ಶುರು ಮಾಡಿ. ಕನ್ನಡಿ ಬಿಂಬದಲ್ಲಿ ಎಡ ಬಲವಾಗುತ್ತದೆ, ನೀರಿನ ಬಿಂಬದಲ್ಲಿ ಮೇಲೆ ಕೆಳಗಾಗುತ್ತದೆ. ಬಟರ್ ಪೇಪರಿನ ಮೇಲೆ ಆಕೃತಿ ಬರೆದು ಪುಸ್ತಕದ ಪುಟ ತಿರುವಿದಂತೆ ಪಕ್ಕಕ್ಕೆ ಮಗುಚಿದರೆ ಕನ್ನಡಿಯದು, ಗೋಡೆ ಕ್ಯಾಲೆಂಡರಿನ ಹಾಳೆಯಂತೆ ಮೇಲಕ್ಕೆ ಮಗುಚಿದರೆ ನೀರಿನದು. ಗಡಿಯಾರದ ಕನ್ನಡಿ ಬಿಂಬಕ್ಕೆ ಒಂದು ಲೆಕ್ಕವಿದೆ: ಕೊಟ್ಟ ಹೊತ್ತನ್ನು 11:60ರಿಂದ ಕಳೆಯಿರಿ. 3:25 ಕನ್ನಡಿಯಲ್ಲಿ 8:35 ಕಾಣುತ್ತದೆ. 12:10 ಇದ್ದರೆ 12ನ್ನು ಸೊನ್ನೆ ಎಂದು ಹಿಡಿದು 11:50. ಆದರೆ ಮೊದಲು ನಿಜವಾದ ಗಡಿಯಾರವನ್ನು ಕನ್ನಡಿಗೆ ಹಿಡಿದು ತೋರಿಸಿ, ಸೂತ್ರ ಆಮೇಲೆ.

ಕಾಗದ ಮಡಚಿ ತೂತು ಹೊಡೆಯುವ ಪ್ರಶ್ನೆಗೆ ಕಾಗದವೇ ಗುರು. ಒಮ್ಮೆ ಮಡಚಿ ಹೊಡೆದ ಒಂದು ತೂತು ಬಿಡಿಸಿದಾಗ ಎರಡು, ಎರಡು ಮಡಿಕೆಗೆ ನಾಲ್ಕು, ಮೂರಕ್ಕೆ ಎಂಟು. ಮಕ್ಕಳು ಎಣಿಕೆ ಸರಿ ಮಾಡಿ ಜಾಗ ತಪ್ಪುತ್ತಾರೆ, ಅದಕ್ಕೆ ಮಡಿಕೆಯನ್ನು ಒಂದೊಂದಾಗಿ, ಮಡಚಿದ್ದಕ್ಕೆ ಹಿಂದುಮುಂದಾಗಿ ಬಿಡಿಸಿ ನೋಡಬೇಕು.

ದಿಕ್ಕಿನ ಪ್ರಶ್ನೆಯಲ್ಲಿ ಮಗು ತನ್ನ ಎಡಬಲವನ್ನೇ ಹಿಡಿಯುತ್ತದೆ, ನಡೆಯುವವನದನ್ನಲ್ಲ. ದಕ್ಷಿಣಕ್ಕೆ ಮುಖ ಮಾಡಿದವನ ಬಲಗೈ ಪಶ್ಚಿಮಕ್ಕೆ ಎಂಬುದು ಹಾಳೆ ನೋಡಿದರೆ ಹೊಳೆಯುವುದಿಲ್ಲ. ಮನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ನಾಲ್ಕು ದಿಕ್ಕು ಬರೆದು ನಡೆಸಿ. ಸಾಲಿನ ಪ್ರಶ್ನೆಗೂ ಹಾಗೆಯೇ: ಎಡದಿಂದ 7ನೆಯವನು, ಬಲದಿಂದ 9ನೆಯವನು ಒಬ್ಬನೇ ಆದರೆ ಸಾಲಿನಲ್ಲಿ ಎಷ್ಟು ಜನ? 16 ಎನ್ನುವುದು ಸಾಮಾನ್ಯ ತಪ್ಪು, ಅವನನ್ನು ಎರಡು ಸಲ ಎಣಿಸಿದ್ದರಿಂದ. ಉತ್ತರ 15. ಕಡಲೆಬೀಜ ಜೋಡಿಸಿ ಒಮ್ಮೆ ಎಣಿಸಿದ ಮಗು ಮತ್ತೆ ತಪ್ಪುವುದಿಲ್ಲ.

ಸಂಖ್ಯಾ ಶ್ರೇಣಿಗೆ ಒಂದೇ ರೂಢಿ ಸಾಕು, ಪಕ್ಕಪಕ್ಕದ ವ್ಯತ್ಯಾಸ ಕೆಳಗೆ ಬರೆಯುವುದು. 3, 6, 11, 18, 27ರ ಕೆಳಗೆ 3, 5, 7, 9 ಬರುತ್ತದೆ, ಮುಂದಿನದು 11, ಉತ್ತರ 38.

ಮಗಳು ಎರಡನೆಯ ತರಗತಿ. ಶಾಲೆಯವರು ನಾಲ್ಕು ಒಲಿಂಪಿಯಾಡಿಗೆ ಹೆಸರು ಕೇಳಿದ್ದಾರೆ. ಬಿಟ್ಟರೆ ಹಿಂದುಳಿಯುತ್ತಾಳಾ?
ತಾಯಿ, ಕೊಥರೂಡ್, ಪುಣೆ

ಇಲ್ಲ. ಒಂದು ಸಾಕು, ಅವಳಿಗೆ ಇಷ್ಟವಾದ ವಿಷಯದ್ದು. ಸೈನ್ಸ್ ಒಲಿಂಪಿಯಾಡ್ ಫೌಂಡೇಶನ್ ನಡೆಸುವ ಗಣಿತ, ವಿಜ್ಞಾನದ ಪರೀಕ್ಷೆಗಳಲ್ಲಿ 1ರಿಂದ 4ನೆಯ ತರಗತಿಗೆ 35 ಪ್ರಶ್ನೆ, 60 ನಿಮಿಷ, 40 ಅಂಕ. ಕೊನೆಯ ಐದು ಪ್ರಶ್ನೆಗೆ ಎರಡೆರಡು ಅಂಕ. ಆ ಐದಕ್ಕಾಗಿ ಏಳು ವರ್ಷದ ಮಗುವಿನ ಸಂಜೆಯನ್ನು ಕ್ಲಾಸಿಗೆ ಕೊಡಬೇಡಿ. ಶಾಲೆಯ ಮಟ್ಟದ ಪದಕ ಬಂದರೆ ಎಷ್ಟು ಮಕ್ಕಳು ಬರೆದಿದ್ದರು ಎಂದೂ ಕೇಳಿಕೊಳ್ಳಿ. ಮುಂಬಯಿ ಕಡೆ ಹೆಸರಾದ ಡಾ. ಹೋಮಿ ಭಾಭಾ ಬಾಲವೈಜ್ಞಾನಿಕ ಸ್ಪರ್ಧೆಗೂ ಕೆಲವರು ಈಗಿನಿಂದಲೇ ಸಿದ್ಧತೆ ಕೇಳಿದ್ದಾರೆ. ಅದು 6 ಮತ್ತು 9ನೆಯ ತರಗತಿಯದು, ಪ್ರಯೋಗ ಮತ್ತು ಪ್ರಾಜೆಕ್ಟ್ ಇರುವ ಸ್ಪರ್ಧೆ. ಎರಡನೆಯ ತರಗತಿಯಲ್ಲಿ ಅದಕ್ಕೆ ಬೇಕಾದ ತಯಾರಿ ಬೀಜ ಮೊಳೆಯುವುದನ್ನು ನೋಡುವುದು, ಅಷ್ಟೇ.

ನಾವು ಬಿಜಾಪುರ ಕಡೆಯವರ್ರಿ, ಬೈನಾದಾಗ ಇರ್ತೀವಿ. ಮಗ ನಾಲ್ಕನೇತ್ತಾ. ನವೋದಯಕ್ಕ ಹಾಕಬೇಕಂತ ಆಸೆ ಐತಿ. ಊರಿಗೆ ಕರಕೊಂಡು ಹೋಗಿ ಅಲ್ಲೇ ಬರೆಸಿದ್ರ ಚಲೋನೋ, ಇಲ್ಲೇ ಬರೆಸಬೇಕೋ?
ತಂದೆ, ವಾಸ್ಕೋ

ಅಣ್ಣಾವ್ರೇ, ಮಗ ಐದನೆಯದನ್ನು ಯಾವ ಜಿಲ್ಲೆಯಲ್ಲಿ ಓದುತ್ತಾನೋ, ಎಲ್ಲಿಯ ನಿವಾಸಿಯೋ ಆ ಜಿಲ್ಲೆಯ ನವೋದಯಕ್ಕೆ ಮಾತ್ರ ಅರ್ಜಿ. ವಾಸ್ಕೋ ದಕ್ಷಿಣ ಗೋವೆಯಲ್ಲಿದೆ, ನಿಮಗೆ ಕಾಣಕೋಣದ ನವೋದಯ. ಉತ್ತರ ಗೋವೆಯದು ವಾಳ್ಪೈಯಲ್ಲಿದೆ. ಐದನೆಯದರ ನಡುವೆ ಊರಿಗೆ ಹೋಗಿ ಶಾಲೆ ಬದಲಿಸಿದರೆ ಎರಡೂ ಕಡೆ ತಪ್ಪಿಹೋಗುವ ಅಪಾಯವಿದೆ. ಸುಗ್ಗಿಗೆಂದು ತಿಂಗಳುಗಟ್ಟಲೆ ಕರೆದೊಯ್ಯುವುದನ್ನೂ ಆ ವರ್ಷ ತಪ್ಪಿಸಿ.

ಒಂದು ನವೋದಯದಲ್ಲಿ ಆರನೆಯ ತರಗತಿಗೆ ಹೆಚ್ಚೆಂದರೆ 80 ಸೀಟು. ಕನಿಷ್ಠ ಶೇ. 75 ಗ್ರಾಮೀಣ ಮಕ್ಕಳಿಗೆ. ಮಗು 3, 4, 5ನೆಯ ತರಗತಿಗಳಲ್ಲಿ ಒಂದು ದಿನ ನಗರದ ಶಾಲೆಯಲ್ಲಿ ಓದಿದ್ದರೂ ನಗರದ ಲೆಕ್ಕ. ವಾಸ್ಕೋದಲ್ಲಿ ಓದುವ ನಿಮ್ಮ ಮಗ ನಗರದ ಸೀಟುಗಳಿಗೆ ಪೈಪೋಟಿ ಮಾಡಬೇಕು, ಅದು ಕಠಿಣ. ಮೊದಲೇ ತಿಳಿದಿರಲಿ. ಎರಡನೆಯ ಸಲ ಬರೆಯಲು ಅವಕಾಶವಿಲ್ಲ, ಐದನೆಯದರಲ್ಲಿ ಒಮ್ಮೆ ಮಾತ್ರ.

ಪರೀಕ್ಷೆ ಎರಡು ಗಂಟೆ, 80 ಪ್ರಶ್ನೆ, 100 ಅಂಕ. ಮಾನಸಿಕ ಸಾಮರ್ಥ್ಯದ 40 ಪ್ರಶ್ನೆಗೆ 50 ಅಂಕ, ಅಂಕಗಣಿತದ 20ಕ್ಕೆ 25, ಭಾಷೆಯ 20ಕ್ಕೆ 25. ಅರ್ಧ ಅಂಕ ಆಕೃತಿಗಳದ್ದೇ, ಅವು ಹತ್ತು ಬಗೆ, ಒಂದೊಂದಕ್ಕೆ ನಾಲ್ಕು ಪ್ರಶ್ನೆ: ಗುಂಪಿಗೆ ಸೇರದ್ದು, ಹೋಲುವ ಆಕೃತಿ, ಅಪೂರ್ಣ ವಿನ್ಯಾಸ, ಕನ್ನಡಿ ಬಿಂಬ, ಮಡಚಿದ ಕಾಗದ, ಅಡಗಿರುವ ಆಕೃತಿ ಹೀಗೆ. ವಾರಕ್ಕೊಂದು ಬಗೆ ಹಿಡಿದರೆ ಎರಡೂವರೆ ತಿಂಗಳು. ಅಕ್ಷರ ಬಾರದ ತಾಯಿಯೂ ಇದನ್ನು ಮಗನ ಜೊತೆ ಕುಳಿತು ಮಾಡಬಹುದು, ಆಕೃತಿಗೆ ಭಾಷೆ ಇಲ್ಲ. ಅರ್ಜಿಯಲ್ಲಿ ಪರೀಕ್ಷೆಯ ಭಾಷೆ ಆರಿಸುವಾಗ ಮನೆಯ ಮಾತನ್ನಲ್ಲ, ಅವನು ವೇಗವಾಗಿ ಓದುವ ಭಾಷೆಯನ್ನು ಬರೆಯಿರಿ. ಆಯ್ಕೆಯಾದರೆ ಹತ್ತು ವರ್ಷದ ಹುಡುಗ ವಸತಿಶಾಲೆಗೆ ಹೋಗಬೇಕು. ಈ ಮಾತನ್ನು ಅವನ ಜೊತೆ ಫಲಿತಾಂಶ ಬಂದ ಮೇಲಲ್ಲ, ಈಗಲೇ ಆಡಿ.

ಮೊಮ್ಮಗ ಪರೀಕ್ಷೆ ಹತ್ತಿರ ಬಂದಹಾಗೆ ಬೆಳಿಗ್ಗೆ ಎದ್ದು ಹೊಟ್ಟೆನೋವು ಅನ್ನುತ್ತಾನೆ. ಡಾಕ್ಟರು ಏನೂ ಇಲ್ಲ ಅಂದರು. ಮಗ, ಸೊಸೆ ‘ನಾಟಕ’ ಅನ್ನುತ್ತಾರೆ. ರಾತ್ರಿ ಹನ್ನೊಂದರ ತನಕ ಓದಿಸುತ್ತಾರೆ.
ಅಜ್ಜಿ, ಚೆಂಬೂರು

ಅಮ್ಮ, ಅದು ನಾಟಕವಲ್ಲ. ಹೆದರಿಕೆಯಲ್ಲಿ ಹೊಟ್ಟೆ ನಿಜವಾಗಿಯೂ ನೋಯುತ್ತದೆ, ಅಷ್ಟು ಚಿಕ್ಕ ಮಗುವಿಗೆ ಅದನ್ನು ‘ಭಯ’ ಎಂದು ಹೇಳಲು ಬರುವುದಿಲ್ಲ. ನೋವು ಶಾಲೆ ಇರುವ ದಿನ ಮಾತ್ರವೋ, ಟೆಸ್ಟಿನ ದಿನ ಮಾತ್ರವೋ, ರಜೆಯಲ್ಲೂ ಇದೆಯೋ ಎಂದು ಒಂದು ವಾರ ಬರೆದಿಡಿ. ರಜೆಯಲ್ಲೂ ನೋವಿದ್ದರೆ, ರಾತ್ರಿ ನಿದ್ದೆಯಿಂದ ಎಬ್ಬಿಸುವಷ್ಟಿದ್ದರೆ, ತೂಕ ಇಳಿದರೆ, ವಾಂತಿ ಜ್ವರ ಇದ್ದರೆ ಮತ್ತೆ ಡಾಕ್ಟರಲ್ಲಿಗೆ ಹೋಗಬೇಕು.

6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. ಮಹಾರಾಷ್ಟ್ರ ಸರ್ಕಾರ 2024ರಲ್ಲಿ ನಾಲ್ಕನೆಯವರೆಗಿನ ತರಗತಿಗಳನ್ನು 9 ಗಂಟೆಗೆ ಮೊದಲು ಆರಂಭಿಸಬೇಡಿ ಎಂದದ್ದು ಈ ನಿದ್ದೆಗಾಗಿಯೇ. ಹನ್ನೊಂದರ ತನಕ ಎಚ್ಚರವಿಟ್ಟರೆ ಆ ಉಪಕಾರ ದಕ್ಕುವುದಿಲ್ಲ, ಅಂದು ಕಲಿತದ್ದು ನಿಲ್ಲುವುದೂ ನಿದ್ದೆಯಲ್ಲೇ. ಒಂಬತ್ತಕ್ಕೆ ದೀಪ ಆರಲಿ ಎಂದು ಮನೆಯ ಹಿರಿಯರಾಗಿ ನೀವೇ ಹೇಳಿ.

ನಿಮ್ಮಿಂದಾಗುವ ಸಹಾಯ ಇನ್ನೂ ಇದೆ. ಮಗ್ಗಿಯನ್ನು ಕನ್ನಡದಲ್ಲೇ ಹೇಳಿಸಿ. ಕಾಲು, ಅರೆ, ಮುಕ್ಕಾಲುಗಳನ್ನು ದೋಸೆ ಕತ್ತರಿಸಿ ತೋರಿಸಿ, ಭಿನ್ನರಾಶಿ ಅದೇ. ಪರೀಕ್ಷೆಯ ಹಿಂದಿನ ದಿನ ಕೇಂದ್ರವನ್ನು ಒಮ್ಮೆ ತೋರಿಸಿಕೊಂಡು ಬರಲು ಮಗನಿಗೆ ಹೇಳಿ, ಅಂದು ಹೊಸ ಲೆಕ್ಕ ಬೇಡ. ಬೆಳಿಗ್ಗೆ ದಿನವೂ ತಿನ್ನುವ ತಿಂಡಿಯೇ ಇರಲಿ. ಎರಡು ಪೇಪರು ಒಂದೇ ದಿನ ಇರುವುದರಿಂದ ನಡುವಿನ ಬಿಡುವಿನಲ್ಲಿ ಊಟ, ನೀರು, ಶೌಚ ಮೂರೇ. ಗೇಟಿನ ಹೊರಗೆ ಮೊದಲ ಪೇಪರಿನ ಉತ್ತರ ತಾಳೆ ನೋಡುವ ಗುಂಪಿನಿಂದ ಮಗುವನ್ನು ದೂರ ಕರೆದುಕೊಂಡು ಹೋಗಿ. ಅಲ್ಲಿ ಎರಡು ತಪ್ಪು ಗೊತ್ತಾದರೆ ಎರಡನೆಯ ಪೇಪರಿನಲ್ಲಿ ಹತ್ತು ಹೋಗುತ್ತವೆ.

ಮಗಳ ಆಧಾರ್ ಮಾಡಿಸಿದ್ದು ಉಡುಪಿಯಲ್ಲಿ, ಅಲ್ಲಿ ಹೆಸರಿನ ಜೊತೆ ಇನಿಷಿಯಲ್ ಮಾತ್ರ. ಶಾಲೆಯಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರೂ ಇವೆ. ತೊಂದರೆಯಾದೀತೆ? ಉತ್ತರಸೂಚಿಯೇ ತಪ್ಪಿದ್ದರೆ ಕೇಳಬಹುದೇ?
ತಂದೆ, ಘಾಟ್‌ಕೋಪರ್

ತೊಂದರೆ ಬರುವುದು ಪರೀಕ್ಷೆಯಲ್ಲಲ್ಲ, ಹಣ ಬರುವಾಗ. ಅರ್ಜಿಯನ್ನು ಶಾಲೆಯೇ ಆನ್‌ಲೈನಿನಲ್ಲಿ ತುಂಬುತ್ತದೆ, ಹೆಸರು ಶಾಲೆಯ ರಿಜಿಸ್ಟರಿನಂತೆ ಹೋಗುತ್ತದೆ. ಶಿಷ್ಯವೃತ್ತಿ ಸಿಕ್ಕರೆ ವರ್ಷಕ್ಕೆ 5000 ರೂಪಾಯಿಯಂತೆ ಬ್ಯಾಂಕ್ ಖಾತೆಗೆ ಬರುತ್ತದೆ. ಖಾತೆ ಆಧಾರ್ ಹೆಸರಿನಲ್ಲಿ, ಯಾದಿ ಶಾಲೆಯ ಹೆಸರಿನಲ್ಲಿ ಇದ್ದರೆ ತಿಂಗಳುಗಟ್ಟಲೆ ಓಡಾಟ. ಆದ್ದರಿಂದ ಅರ್ಜಿಗೆ ಮೊದಲೇ ಆಧಾರನ್ನು ಶಾಲೆಯ ಹೆಸರಿಗೆ ಸರಿಹೊಂದಿಸಿ, ಆಮೇಲೆ ಮಗಳ ಹೆಸರಲ್ಲಿ ಪೋಷಕರ ಜೊತೆ ಖಾತೆ ತೆರೆಯಿರಿ. ಪ್ರವೇಶಪತ್ರ ಬಂದ ದಿನವೇ ಹೆಸರಿನ ಕಾಗುಣಿತ, ಹುಟ್ಟಿದ ದಿನ, ಮಾಧ್ಯಮ ಮೂರನ್ನೂ ನೋಡಿ. ಮಾಧ್ಯಮ ತಪ್ಪಾಗಿ ತುಂಬಿದ್ದರೆ ಮಗುವಿನ ಕೈಗೆ ಬೇರೆ ಭಾಷೆಯ ಪತ್ರಿಕೆ ಬರುತ್ತದೆ. ತಪ್ಪು ಕಂಡರೆ ತಿದ್ದಿಸಬೇಕಾದದ್ದು ಮುಖ್ಯಾಧ್ಯಾಪಕರ ಮೂಲಕ.

ಉತ್ತರಸೂಚಿಯನ್ನು ಪ್ರಶ್ನಿಸಬಹುದು. ಪರಿಷತ್ತು ಮೊದಲು ಮಧ್ಯಂತರ ಸೂಚಿ ಹಾಕಿ ಆಕ್ಷೇಪಕ್ಕೆ ಕೆಲವು ದಿನ ಕೊಡುತ್ತದೆ, ಆಮೇಲೆ ಅಂತಿಮ ಸೂಚಿ, ಆಮೇಲೆ ಫಲಿತಾಂಶ. ಆಕ್ಷೇಪದ ಜೊತೆ ಪಠ್ಯಪುಸ್ತಕದ ಪುಟದ ಆಧಾರ ಕೊಡಿ, ‘ನಮ್ಮ ಕ್ಲಾಸಿನವರು ಹೀಗೆ ಹೇಳಿದರು’ ಎಂದರೆ ನಡೆಯದು. ಫಲಿತಾಂಶದ ನಂತರ ಅಂಕ ಮರುತಪಾಸಣೆಗೂ ಅವಕಾಶವಿದೆ. ಅದಕ್ಕಾಗಿ ಮಗು ಮನೆಗೆ ತರುವ ಉತ್ತರಹಾಳೆಯ ಕಾರ್ಬನ್ ಪ್ರತಿಯನ್ನು ಮಡಚದೆ ಪ್ಲಾಸ್ಟಿಕ್ ಫೈಲಿನಲ್ಲಿ ಇಡಿ. ಅದರ ಗುರುತು ಬೇಗ ಮಾಸುತ್ತದೆ, ಅಂದೇ ಸಂಜೆ ಎರಡು ಝೆರಾಕ್ಸ್ ತೆಗೆಸಿ.